ಕಾಣದ ದಾರಿಗೆ ಅಡ್ಡ ನಿಲ್ಲುವವರು

ಚಳಿಗಾಲ ಬಂತೆಂದರೆ ಬೆಂಗಳೂರಿನಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ಸೊಗಡಿನ ಅವರೆಕಾಯಿ ಪೇಟೆಗೆ ಬರುವುದು; ಇನ್ನೊಂದು, ದೇವನಹಳ್ಳಿಯ ವಿಮಾನ ನಿಲ್ದಾಣದ ಮೇಲೆ ಬೆಳಗಿನ ಜಾವ ಮಂಜು ಇಳಿಯುವುದು. ಅವರೆಕಾಯಿಯ ವಿಷಯದಲ್ಲಿ ಬೆಲೆಯ ಹೊರತು ಬೇರೆ ತಕರಾರಿಲ್ಲ. ಮಂಜಿನ ವಿಷಯದಲ್ಲಾದರೋ ಪ್ರತಿ ವರ್ಷವೂ ಅದೇ ದೂರು, ಅದೇ ಆವೇಶ. ವಿಮಾನ ಎರಡು ಗಂಟೆ ತಡವಾಯಿತು. ಒಳಗೆ ಕೂರಿಸಿ ಬಾಗಿಲು ಹಾಕಿದ ಮೇಲೂ ಮುಕ್ಕಾಲು ಗಂಟೆ ನಿಲ್ಲಿಸಿದರು. ಮಂಜು ಕೊಂಚ ತೆಳುವಾದಾಗ ಕಿಟಕಿಯಿಂದ ಇಣುಕಿದರೆ ಮುಂದಿನ ರನ್‌ವೇ ಬರಿದಾಗಿ ಬಿದ್ದಿತ್ತು. 'ಕೋಟಿಗಟ್ಟಲೆ ಸುರಿದು ಮಂಜಿನಲ್ಲೂ ವಿಮಾನ ಇಳಿಸುವ ಯಂತ್ರ ತಂದಿದ್ದಾರಂತಲ್ಲ, ಅದನ್ನೇನು ಪೂಜೆಗೆ ಇಟ್ಟಿದ್ದಾರೆಯೇ?' ಎಂಬ ಪ್ರಶ್ನೆಯೊಂದಿಗೆ ದೂರು ಮುಗಿಯುತ್ತದೆ.

ಈ ದೂರು ಹೇಳುವವರ ಕಷ್ಟವನ್ನು ನಾನು ಬಲ್ಲೆ. ನಾನಿರುವ ಮಲ್ಲತ್ತಹಳ್ಳಿ ನಗರದ ಪಶ್ಚಿಮದ ಅಂಚಿನಲ್ಲಿದೆ. ವಿಮಾನ ನಿಲ್ದಾಣ ಉತ್ತರದ ಅಂಚನ್ನೂ ದಾಟಿ ಆಚೆ ಇದೆ. ಬೆಳಗಿನ ಆರು ಗಂಟೆಯ ವಿಮಾನ ಹಿಡಿಯಬೇಕಾದ ನಮ್ಮ ಕಡೆಯವರು ಎರಡು ಗಂಟೆಗೆ ಎದ್ದು, ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು, ನಗರದ ಅರ್ಧ ಸುತ್ತು ಬಳಸಿ ಹೋಗಬೇಕು. ಅಷ್ಟು ಪಾಡುಪಟ್ಟು ಹೋದವರನ್ನು ಕಾರಣ ಹೇಳದೆ ಕೂರಿಸಿದರೆ ಸಿಟ್ಟು ಬರುವುದು ಸಹಜವೇ. ಆದರೆ ಸಿಟ್ಟು ಸಹಜವಾದ ಮಾತ್ರಕ್ಕೆ ಅದರ ಗುರಿ ಸರಿಯಾಗಿರಬೇಕೆಂದೇನೂ ಇಲ್ಲ. ಬರಿದಾದ ರನ್‌ವೇಯ ಮುಂದೆ ವಿಮಾನ ಸುಮ್ಮನೆ ನಿಂತಿದ್ದರೆ ಯಂತ್ರ ಕೆಲಸ ಮಾಡುತ್ತಿಲ್ಲವೆಂದು ನಾವು ತಿಳಿಯುತ್ತೇವೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ವಿಮಾನ ಹಾಗೆ ನಿಂತಿದ್ದರಿಂದಲೇ ಯಂತ್ರ ಕೆಲಸ ಮಾಡುತ್ತಿದೆ. ನನ್ನ ವಾದದ ಮೊದಲನೆಯ ಅರ್ಧ ಇದು. ಎರಡನೆಯ ಅರ್ಧ: ಇಷ್ಟು ಸರಳವಾದ ಸತ್ಯವನ್ನು ಪ್ರಯಾಣಿಕನಿಗೆ ಹೇಳದೆ ಮುಚ್ಚಿಡುವವರು ಅವನ ಸಿಟ್ಟಿಗೆ ನಿಜವಾಗಿ ಪಾತ್ರರು.

ಈ ಯಂತ್ರವೆಂಬುದು ಏನು, ನೋಡೋಣ. ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಐ.ಎಲ್.ಎಸ್. ಎಂದು ಕರೆಯುತ್ತಾರೆ, ಉಪಕರಣಗಳನ್ನು ನಂಬಿ ಇಳಿಯುವ ವ್ಯವಸ್ಥೆ ಎಂದು ಅರ್ಥ. ಹೊಸದೇನಲ್ಲ. 1938ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹಿಮ ಬೀಳುತ್ತಿದ್ದಾಗ ಪ್ರಯಾಣಿಕರ ವಿಮಾನವೊಂದು ಇದರ ನೆರವಿನಿಂದ ಇಳಿಯಿತು. ರನ್‌ವೇಯ ದೂರದ ತುದಿಯಾಚೆ ಬೇಲಿಯ ಹಾಗೆ ಅಡ್ಡಸಾಲಾಗಿ ನಿಂತ ಆಂಟೆನಾಗಳಿರುತ್ತವೆ. ಇದಕ್ಕೆ ಲೋಕಲೈಸರ್ ಎಂದು ಹೆಸರು. ಎಡಬಲ ತಿಳಿಸುವುದು ಇದರ ಕೆಲಸ. ನಮ್ಮ ಎಫ್.ಎಂ. ರೇಡಿಯೋ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆಯಷ್ಟೆ. ಅಲ್ಲಿಂದ 112ರವರೆಗಿನ ಪಟ್ಟಿಯಲ್ಲಿ ಇದರ ಅಲೆಗಳು ಹರಿಯುತ್ತವೆ. ಆ ಅಲೆಯ ಮೇಲೆ ಎರಡು ಸ್ವರಗಳನ್ನು ಏರಿಸಿರುತ್ತಾರೆ. ಒಂದು ಸೆಕೆಂಡಿಗೆ 90 ಕಂಪನಗಳದು, ಇನ್ನೊಂದು 150 ಕಂಪನಗಳದು. ಇಳಿಯುವ ವಿಮಾನ ನಡುಗೆರೆಯಿಂದ ಎಡಕ್ಕೆ ಸರಿದರೆ 90ರ ಸ್ವರ ಮೇಲಾಗುತ್ತದೆ. ಬಲಕ್ಕೆ ಸರಿದರೆ 150ರದು. ಎರಡೂ ಸಮವಾಗಿ ಕೇಳಿಸಿದರೆ ವಿಮಾನ ನಡುಗೆರೆಯ ಮೇಲೆಯೇ ಇದೆ. ರನ್‌ವೇಯ ಈಚೆ ತುದಿಯ ಪಕ್ಕದಲ್ಲಿ ಇನ್ನೊಂದು ಆಂಟೆನಾ ಇದೇ ಉಪಾಯದಿಂದ ಮೇಲು ಕೆಳಗನ್ನು ತಿಳಿಸುತ್ತದೆ. ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ ವಿಮಾನವನ್ನು ನೆಲಕ್ಕೆ ಕರೆದುಕೊಂಡು ಬರುತ್ತದೆ.

ಎಂದರೆ, ನಾವು ದಾರಿ ಎನ್ನುತ್ತಿರುವುದು ಎರಡು ಸ್ವರಗಳ ಸಮತೋಲ, ಅಷ್ಟೆ. ಅದಕ್ಕೆ ಕಲ್ಲಿಲ್ಲ, ಮಣ್ಣಿಲ್ಲ, ಅಂಚುಗಲ್ಲಿಲ್ಲ. ಮಂಜಿನಲ್ಲಿ ಬರುವ ಪೈಲಟ್‌ಗೆ ಇದರ ಹೊರತು ಬೇರೆ ದಾರಿಯೂ ಇಲ್ಲ. ಬೆಂಗಳೂರಿನ ದಕ್ಷಿಣ ರನ್‌ವೇ 2019ರ ಡಿಸೆಂಬರ್‌ನಲ್ಲಿ ತೆರೆಯಿತು. 2020-21ರ ಚಳಿಗಾಲದಲ್ಲಿ ಅದಕ್ಕೆ ಮೂರನೆಯ ದರ್ಜೆಯ 'ಬಿ' ವರ್ಗದ ಸೌಕರ್ಯ ಸಿಕ್ಕಿತು. ಅದಕ್ಕೆ ಮೊದಲು ಇಳಿಯಲು ರನ್‌ವೇಯ ಮೇಲೆ 550 ಮೀಟರ್ ದೂರ ಕಾಣಬೇಕಾಗಿತ್ತು. ಈಗ 50 ಮೀಟರ್ ಕಂಡರೂ ಸಾಕು. ಅದೆಷ್ಟು ದೂರ ಕಾಣುತ್ತದೆ ಎಂಬುದನ್ನು ಅಳೆಯುವ 'ದೃಷ್ಟಿ' ಎಂಬ ಉಪಕರಣವನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರೇ ರೂಪಿಸಿ ದೇಶದ ಅನೇಕ ನಿಲ್ದಾಣಗಳಿಗೆ ಒದಗಿಸಿದ್ದಾರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಈ 50 ಮೀಟರಿನ ಅರ್ಥವನ್ನು ಯೋಚಿಸಿ. ಸಾಧಾರಣ ಜೆಟ್ ವಿಮಾನ ನೆಲ ಮುಟ್ಟುವಾಗ ಸೆಕೆಂಡಿಗೆ ಹೆಚ್ಚುಕಡಮೆ 70 ಮೀಟರ್ ವೇಗದಲ್ಲಿರುತ್ತದೆ. ಮುಂದೆ ಕಾಣುವ ನೆಲವೆಲ್ಲ ಒಂದು ಸೆಕೆಂಡಿನೊಳಗೆ ಹಿಂದಾಗಿಬಿಡುತ್ತದೆ. ಕಣ್ಣಿಂದ ನೋಡಿ, ಮನಸ್ಸಿನಲ್ಲಿ ತೀರ್ಮಾನಿಸಿ, ಕೈಯಿಂದ ತಿದ್ದುವಷ್ಟು ಸಮಯ ಯಾವ ಮನುಷ್ಯನಿಗೂ ಇಲ್ಲ. ಆದುದರಿಂದ ಇಳಿಸುವ ಕೆಲಸವನ್ನು ವಿಮಾನದೊಳಗಿನ ಸ್ವಯಂಚಾಲಕ ಯಂತ್ರಕ್ಕೆ ವಹಿಸುತ್ತಾರೆ. ಈ ಯಂತ್ರ ಬಹಳ ವಿಧೇಯ ಸೇವಕ. ಸಂಕೇತ ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ.

ಸಂಕೇತವೇ ಸುಳ್ಳು ಹೇಳಿದರೆ? ನಮ್ಮ ಕಥೆಯ ತಿರುಳು ಇಲ್ಲಿದೆ.

1980ರ ದಶಕದಲ್ಲಿ ಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ ದೂರದರ್ಶನ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೇಲೆ ವಿಮಾನ ಹಾರಿತೆಂದರೆ ತೆರೆಯ ಮೇಲಿನ ಚಿತ್ರ ನಡುಗುತ್ತಿತ್ತು. ವಾರ್ತೆ ಓದುವ ಮಹಿಳೆಗೆ ಪಕ್ಕದಲ್ಲೊಂದು ನೆರಳು ಮೂಡುತ್ತಿತ್ತು. ಕಾರಣವೇನು? ಪ್ರಸಾರ ಕೇಂದ್ರದಿಂದ ನೇರವಾಗಿ ಬಂದ ಅಲೆಯ ಜೊತೆಗೆ, ವಿಮಾನದ ಮೈಗೆ ಬಡಿದು ಹಿಂದಿರುಗಿದ ಅಲೆಯೂ ಒಂದು ಕ್ಷಣ ತಡವಾಗಿ ಬಂದು ಸೇರುತ್ತಿತ್ತು. ಮಲ್ಲತ್ತಹಳ್ಳಿಯ ಕೆರೆಗೆ ಕಲ್ಲೆಸೆದು ನೋಡಿದರೂ ಇದು ತಿಳಿದೀತು: ದಡಕ್ಕೆ ಬಡಿದು ಮರಳುವ ಅಲೆ ಹೊಸ ಅಲೆಯೊಡನೆ ಬೆರೆತು ನೀರಿನ ಗೆರೆಗಳನ್ನೆಲ್ಲ ಕಲಸಿಬಿಡುತ್ತದೆ. ದೂರದರ್ಶನದ ಚಿತ್ರ ಕೆಟ್ಟರೆ ವಾರ್ತೆ ಎರಡು ನಿಮಿಷ ಮಸುಕಾಗುತ್ತದೆ. ಲೋಕಲೈಸರಿನ ಚಿತ್ರ ಕೆಟ್ಟರೆ ನಡುಗೆರೆಯೇ ಬಾಗುತ್ತದೆ.

ಹಾಗೆ ಬಾಗಿಸಲು ಶತ್ರು ಬೇಕಾಗಿಲ್ಲ, ಕಿಡಿಗೇಡಿ ಬೇಕಾಗಿಲ್ಲ. ತನ್ನ ಪಾಡಿಗೆ ನೆಲದ ಮೇಲೆ ಉರುಳಿಕೊಂಡು ಹೋಗುವ ಇನ್ನೊಂದು ವಿಮಾನ ಸಾಕು. ವಿಮಾನದವರು ಇದಕ್ಕೆ 'ಟ್ಯಾಕ್ಸಿ ಮಾಡುವುದು' ಎನ್ನುತ್ತಾರೆ. ನಮ್ಮ ರಸ್ತೆಯ ಟ್ಯಾಕ್ಸಿಗೂ ಇದಕ್ಕೂ ಸಂಬಂಧವಿಲ್ಲ, ಅಡ್ಡ ನಿಲ್ಲುವ ಗುಣವೊಂದನ್ನು ಬಿಟ್ಟರೆ. ನಾವು ಸಾಮಾನ್ಯವಾಗಿ ಹತ್ತುವ ಏರ್‌ಬಸ್ 320ರ ಬಾಲ ನೆಲದಿಂದ ಸುಮಾರು 12 ಮೀಟರ್ ಎತ್ತರ; ದೊಡ್ಡ ಬೋಯಿಂಗ್ 777ರದು 18 ಮೀಟರಿಗೂ ಹೆಚ್ಚು. ನಾಲ್ಕರಿಂದ ಆರು ಅಂತಸ್ತಿನ ಕಟ್ಟಡವೊಂದು ಚಕ್ರ ಕಟ್ಟಿಕೊಂಡು ಆಂಟೆನಾದ ಮುಂದೆ ಓಡಾಡಿದ ಹಾಗಾಯಿತು. ಅದಕ್ಕಾಗಿಯೇ ಪ್ರತಿ ಆಂಟೆನಾದ ಮುಂದೆಯೂ ಎರಡು ಎಲ್ಲೆಗಳನ್ನು ಹಾಕಿದ್ದಾರೆ. ಒಳಗಿನದಕ್ಕೆ ನಿರ್ಣಾಯಕ ಪ್ರದೇಶವೆನ್ನಬಹುದು; ಈ ವ್ಯವಸ್ಥೆಯನ್ನು ನಂಬಿ ವಿಮಾನ ಇಳಿಯುತ್ತಿರುವಾಗ ಅಲ್ಲಿ ಯಾವ ವಾಹನವೂ ಸುಳಿಯಕೂಡದು. ಅದರಾಚೆಗಿನ ಹೆಚ್ಚು ವಿಶಾಲವಾದದ್ದು ಸೂಕ್ಷ್ಮ ಪ್ರದೇಶ. ಸ್ವಚ್ಛ ಹವೆಯಲ್ಲಿ ಇಲ್ಲಿ ಓಡಾಟವುಂಟು, ಮಂಜಿನ ಹೊತ್ತಿನಲ್ಲಿ ಇಲ್ಲ. ಆಗ ಹೊರಡುವ ವಿಮಾನಗಳು ಮಾಮೂಲು ಗೆರೆಗಿಂತ ಹಿಂದೆ, ಏಣಿಯನ್ನು ಮಲಗಿಸಿದಂಥ ಹಳದಿ ಗುರುತಿನ ಬಳಿಯೇ ನಿಲ್ಲಬೇಕು. ಇಳಿದ ವಿಮಾನ ರನ್‌ವೇಯಿಂದ ತಿರುಗಿದರೂ ಕೂಡಲೇ ಮುಕ್ತವಾಗುವುದಿಲ್ಲ. ದಾರಿಯ ನಡುವಿನ ದೀಪಗಳು ಒಂದು ಹಸಿರು ಒಂದು ಹಳದಿಯಾಗಿ ಬರುವಷ್ಟು ದೂರವೂ ಅದು ಇನ್ನೂ ಎಲ್ಲೆಯೊಳಗಿದೆ ಎಂದರ್ಥ. ಬರೀ ಹಸಿರು ಕಂಡ ಮೇಲೆ ಹೊರಗೆ ಬಂದಂತೆ. ಅದು ಹೊರಗೆ ಬರುವ ಹೊತ್ತಿಗೆ ಹಿಂದಿನ ವಿಮಾನ ಇನ್ನೂ ಎರಡು ನಾಟಿಕಲ್ ಮೈಲಿಯಾದರೂ ಆಚೆ ಇರಬೇಕೆಂಬುದು ಸಾಮಾನ್ಯ ಪದ್ಧತಿ. ಎರಡು ಮೈಲಿ ದೊಡ್ಡದಾಗಿ ಕೇಳಿಸಬಹುದು. ವಿಮಾನದ ವೇಗಕ್ಕೆ ಅದು ಪೂರಾ ಒಂದು ನಿಮಿಷದ ದಾರಿಯೂ ಅಲ್ಲ.

ಕಿಟಕಿಯಿಂದ ನಾವು ಕಂಡ 'ಬರಿದಾದ ರನ್‌ವೇ' ಎಂಬುದು ಇದೇ. ಅದು ಬರಿದಾಗಿಲ್ಲ. ನಮ್ಮ ಹಾಗೆಯೇ ಮಕ್ಕಳುಮರಿಗಳೊಂದಿಗೆ ಹೊರಟ ನೂರೈವತ್ತು ಜನ ಏನೂ ಕಾಣದೆ, ಆ ಎರಡು ಸ್ವರಗಳನ್ನು ನಂಬಿ, ಅದರ ಮೇಲೆ ಇಳಿಯುತ್ತಿದ್ದಾರೆ.

ಇದು ಪುಸ್ತಕದ ಭಯವೆನ್ನುವವರಿಗೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆದುದನ್ನು ಹೇಳಬೇಕು. 2011ರ ನವೆಂಬರ್ 3ರಂದು ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 777 ಅಲ್ಲಿ ಇಳಿಯುತ್ತಿತ್ತು. ಹವೆ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಸೂಕ್ಷ್ಮ ಪ್ರದೇಶವನ್ನು ತೆರವು ಮಾಡಿಸುವ ಕಟ್ಟುಪಾಡು ಜಾರಿಗೆ ಬರುವಷ್ಟು ಕೆಟ್ಟೂ ಇರಲಿಲ್ಲ. ಪೈಲಟ್‌ಗಳು ಸ್ವಯಂಚಾಲಕದಿಂದಲೇ ಇಳಿಯುವುದೆಂದು ನಿಶ್ಚಯಿಸಿದರು. ನಿಯಂತ್ರಣ ಗೋಪುರಕ್ಕೆ ಅದನ್ನು ತಿಳಿಸಲಿಲ್ಲ. ಅದೇ ರನ್‌ವೇಯಿಂದ ಅವರ ಮುಂದೆ ಆವ್ರೋ ಆರ್‌ಜೆ-85 ಎಂಬ ಚಿಕ್ಕ ಜೆಟ್ ಹಾರಿಹೋಯಿತು. ಹೋಗುತ್ತ ಲೋಕಲೈಸರಿನ ಅಲೆಗಳಿಗೆ ಅಡ್ಡ ಬಂತು. 777ರ ಸ್ವಯಂಚಾಲಕ ಬಾಗಿದ ಗೆರೆಯನ್ನೇ ನೇರವೆಂದು ನಂಬಿತು. ನೆಲ ಮುಟ್ಟುವ ಕ್ಷಣದಲ್ಲಿ ವಿಮಾನ ಎಡಕ್ಕೆ ಹೊರಳಿ, ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ಮತ್ತೆ ಬಲಕ್ಕೆ ತಿರುಗಿ, ರನ್‌ವೇಯನ್ನೇ ಅಡ್ಡ ದಾಟಿ, ಆಚೆ ಬದಿಯ ಹುಲ್ಲಿನಲ್ಲಿ ಹೋಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ, ಅದು ಪ್ರಯಾಣಿಕರ ಪುಣ್ಯ. ಯಾವ ಯಂತ್ರವೂ ಕೆಟ್ಟಿರಲಿಲ್ಲ, ಯಾರೂ ಕುಡಿದಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಒಂದು ವಿಮಾನಕ್ಕೆ ಇನ್ನೊಂದು ವಿಮಾನ ಎಷ್ಟು ದಾರಿ ಬಿಡಬೇಕೋ ಅಷ್ಟು ಬಿಟ್ಟಿರಲಿಲ್ಲ, ಅಷ್ಟೆ.

ಹೀಗಿರುವಲ್ಲಿ, 'ಗಂಟೆಗೆ ಇನ್ನಷ್ಟು ವಿಮಾನ ಇಳಿಸಿ, ಇನ್ನಷ್ಟು ಹಾರಿಸಿ' ಎಂದು ಮಂಜಿನ ದಿನವೂ ಕೂಗುವವರಿಗೆ ಏನು ಹೇಳೋಣ? ರೈಲ್ವೆ ಗೇಟು ಹಾಕಿದಾಗ ನಾವೆಲ್ಲ ಗೊಣಗುತ್ತೇವೆ. ಆದರೆ ರೈಲು ಕಾಣದಿದ್ದ ಮಾತ್ರಕ್ಕೆ ಗೇಟು ತೆಗೆಯಬೇಕೆಂದು ವಾದಿಸುವವನನ್ನು ಬುದ್ಧಿವಂತನೆನ್ನುವುದಿಲ್ಲ. ಆತುರಕ್ಕೆ ನಮ್ಮ ನಾಡು ಒಮ್ಮೆ ಭಾರಿ ಬೆಲೆ ತೆತ್ತಿದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಮಂದಿ ಸತ್ತರು. ಎಂಟು ಮಂದಿ ಉಳಿದರು. ಅಂದು ಕಣ್ಣು ಕಟ್ಟುವ ಮಂಜಿರಲಿಲ್ಲ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆ ಮಾತು ನಡೆಯಲಿಲ್ಲ. ಅದು ಅಲೆಗಳ ದೋಷದಿಂದಾದ ದುರಂತವಲ್ಲ, ನಿಜ. ಆದರೆ ಇನ್ನೊಂದು ಸುತ್ತು ಹಾಕುವ, ಇನ್ನೊಂದು ಗಳಿಗೆ ಕಾಯುವ ವಿವೇಕಕ್ಕೆ ಏನು ಬೆಲೆಯೆಂಬುದನ್ನು ಕನ್ನಡಿಗರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಕೆಲವರು ಹೇಳುವುದುಂಟು: 'ಇದೆಲ್ಲ ಹಳೆಯ ಕಾಲದ ತಂತ್ರ. ಉಪಗ್ರಹಗಳಿರುವಾಗ ನೆಲದ ಆಂಟೆನಾ ಏಕೆ?' ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಸೇರಿ 'ಗಗನ್' ಎಂಬ ಉಪಗ್ರಹ ವ್ಯವಸ್ಥೆಯನ್ನು ಕಟ್ಟಿವೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ವಿಮಾನ ಅದರ ನೆರವಿನಿಂದ ಇಳಿದು ತೋರಿಸಿತು. ಐ.ಎಲ್.ಎಸ್. ಇಲ್ಲದ ಚಿಕ್ಕ ಊರುಗಳಿಗೆ ಇದು ವರವೇ ಸರಿ. ಆದರೆ 50 ಮೀಟರ್ ಮಾತ್ರ ಕಾಣುವ ದಟ್ಟ ಮಂಜಿನಲ್ಲಿ ನೆಲದವರೆಗೆ ಕರೆತರುವ ಕೆಲಸ ಗಗನ್‌ನದಲ್ಲ. ಉಪಗ್ರಹದ ಸಂಕೇತಕ್ಕೂ ಅಡ್ಡಿ ಮಾಡುವವರಿದ್ದಾರೆ. 2025ರ ನವೆಂಬರಿನಲ್ಲಿ ದೆಹಲಿಯ ಸುತ್ತ ಅದರ ರುಚಿಯನ್ನು ಕಂಡೆವು. ಅಗಲವಾದ ಹೊಸ ಆಂಟೆನಾಗಳನ್ನು ಹಾಕಿದರೆ ಅಡ್ಡಿ ಕಡಿಮೆಯಾಗುತ್ತದೆ, ಹಾಕಲಿ. ಆದರೆ ಪೂರ್ತಿ ಹೋಗುವುದಿಲ್ಲ. ಯಾವ ದಾರಿಯಾದರೂ ಸರಿ, ಅದನ್ನು ತೆರವಾಗಿಡುವ ಹೊಣೆ ಮನುಷ್ಯನಿಗೆ ತಪ್ಪದು.

ಇಷ್ಟು ಓದಿದ ಮೇಲೆ, 'ನೀವು ಅಧಿಕಾರಿಗಳ ವಕಾಲತ್ತು ವಹಿಸಿದ್ದೀರಿ' ಎಂದು ಯಾರಾದರೂ ಅಂದಾರು. ಇಲ್ಲ. ಈಗ ಅವರ ಸರದಿ.

ಪ್ರಯಾಣಿಕನಿಗೆ ಇದರಲ್ಲಿ ಒಂದಾದರೂ ಮಾತು ಗೊತ್ತಿದೆಯೇ? ಅವನಿಗೆ ಸಿಗುವ ವಿವರಣೆ ಎರಡೇ: 'ಹವಾಮಾನ ವೈಪರೀತ್ಯ', 'ಕಾರ್ಯಾಚರಣೆಯ ಕಾರಣ'. ಮೊದಲನೆಯದು ಅರ್ಧ ಸತ್ಯ, ಎರಡನೆಯದಕ್ಕೆ ಅರ್ಥವೇ ಇಲ್ಲ. ಕಾರಣ ತಿಳಿಯದ ಮನುಷ್ಯ ಕಾರಣವನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. ಹುಟ್ಟಿಸಿಕೊಂಡ ಕಾರಣದಲ್ಲಿ ಯಾವಾಗಲೂ ಒಬ್ಬ ಸೋಮಾರಿಯೋ ಒಬ್ಬ ಕಳ್ಳನೋ ಇದ್ದೇ ಇರುತ್ತಾನೆ. 2024ರ ಜನವರಿ 14ರಂದು ದೆಹಲಿಯಲ್ಲಿ, ಮಂಜಿನಿಂದ ಗಂಟೆಗಟ್ಟಲೆ ತಡವಾದ ವಿಮಾನದೊಳಗೆ, ಇನ್ನೂ ತಡವೆಂದು ಪ್ರಕಟಿಸುತ್ತಿದ್ದ ಪೈಲಟ್‌ಗೆ ಪ್ರಯಾಣಿಕನೊಬ್ಬ ಎದ್ದು ಬಂದು ಹೊಡೆದದ್ದನ್ನು ದೇಶವೆಲ್ಲ ನೋಡಿತು. ಹೊಡೆದವನ ತಪ್ಪಿಗೆ ಕ್ಷಮೆಯಿಲ್ಲ. ಆದರೆ ಅಷ್ಟು ಹೊತ್ತು ಅವನನ್ನೂ ಉಳಿದವರನ್ನೂ ಕತ್ತಲಲ್ಲಿಟ್ಟವರು ಯಾರು? ಮರುದಿನವೇ ವಿಮಾನಯಾನ ಮಹಾನಿರ್ದೇಶನಾಲಯ ಒಂದು ನಿಯಮಾವಳಿ ಹೊರಡಿಸಿ, ತಡವಾಗುವ ವಿಮಾನಗಳ ವಿಷಯವನ್ನು ಪ್ರಯಾಣಿಕರಿಗೆ ಸರಿಯಾಗಿ, ಸಕಾಲದಲ್ಲಿ ತಿಳಿಸಬೇಕೆಂದಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಂಥ ಕಡೆಗೇ ಹುಟ್ಟಿರಬೇಕು.

ಅದೇ ಚಳಿಗಾಲದ ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. 2023ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯ ಮಂಜಿನಲ್ಲಿ ಇಳಿಯಬೇಕಾದ ವಿಮಾನಗಳಿಗೆ, ಆ ದರ್ಜೆಯ ಇಳಿಕೆಯ ತರಬೇತಿಯಿಲ್ಲದ ಪೈಲಟ್‌ಗಳನ್ನು ನೇಮಿಸಿದ್ದಕ್ಕಾಗಿ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್ ಸಂಸ್ಥೆಗಳಿಗೆ ಮಹಾನಿರ್ದೇಶನಾಲಯ ತಲಾ 30 ಲಕ್ಷ ರೂಪಾಯಿ ದಂಡ ಹಾಕಿತು. ನೆಲದಲ್ಲಿ ಆಂಟೆನಾ ಇತ್ತು, ವಿಮಾನದಲ್ಲಿ ಉಪಕರಣವಿತ್ತು, ನಡುವೆ ಕೂತ ಮನುಷ್ಯನಿಗೆ ಅರ್ಹತೆಯಿರಲಿಲ್ಲ. ವಿಮಾನಗಳು ಬೇರೆ ಊರುಗಳಿಗೆ ತಿರುಗಿದವು. ಅಂಥ ದಿನವೂ ಪ್ರಯಾಣಿಕನ ಕಿವಿಗೆ ಬೀಳುವುದು ಅದೇ ಹವಾಮಾನ ವೈಪರೀತ್ಯದ ಮಾತು. ಮಂಜಿಗೆ ಬಾಯಿಲ್ಲ, ಎಲ್ಲರ ಪಾಪವನ್ನೂ ಅದರ ತಲೆಗೆ ಕಟ್ಟಬಹುದು. ನ್ಯಾಯವಾದ ತಡವನ್ನೂ ಅನ್ಯಾಯದ ತಡವನ್ನೂ ಒಂದೇ ಮಾತಿನಿಂದ ಮುಚ್ಚಿದರೆ, ಜನ ಎರಡನ್ನೂ ನಂಬುವುದಿಲ್ಲ. ಕೊನೆಗೆ, ಸುರಕ್ಷತೆಗಾಗಿ ನಿಜವಾಗಿಯೂ ಕಾದು ನಿಂತ ಪೈಲಟ್ ಬೈಗುಳ ತಿನ್ನುತ್ತಾನೆ.

ಆದುದರಿಂದ ಕೇಳಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು ನಿಲ್ದಾಣ ನಡೆಸುವ ಕಂಪನಿಗೂ ವಿಮಾನ ಸಂಸ್ಥೆಗಳಿಗೂ ಸೇರಿದ್ದು: ಮಂಜಿನ ತಿಂಗಳುಗಳಲ್ಲಿ ಬೆಳಗಿನ ಜಾವದ ವೇಳಾಪಟ್ಟಿಯನ್ನು, ಬಿಸಿಲಿನ ದಿನದ ಲೆಕ್ಕದಲ್ಲಿ ತುರುಕಬೇಡಿ. ಮಂಜಿನಲ್ಲಿ ವಿಮಾನಗಳ ನಡುವಿನ ಅಂತರ ಹೆಚ್ಚಬೇಕೆಂಬುದು ನಿಮಗೆ ಮುಂಚಿತವಾಗಿಯೇ ಗೊತ್ತು. ಗೊತ್ತಿದ್ದೂ ಟಿಕೆಟು ಮಾರಿ ಆಮೇಲೆ ಆಕಾಶದ ಕಡೆ ಕೈ ತೋರಿಸುವುದು ವ್ಯಾಪಾರವಿರಬಹುದು, ಮರ್ಯಾದೆಯಲ್ಲ. ಎರಡನೆಯದು ಪೈಲಟ್‌ಗಳಿಗೂ ಗೋಪುರದವರಿಗೂ ಸೇರಿದ್ದು: ಹವೆ ಚೆನ್ನಾಗಿರುವ ದಿನವೂ ಸ್ವಯಂಚಾಲಕದಿಂದ ಇಳಿಯುವುದಾದರೆ ಹೇಳಿ ಇಳಿಯಿರಿ, ಸೂಕ್ಷ್ಮ ಪ್ರದೇಶ ತೆರವಾಗಿದೆಯೋ ಇಲ್ಲವೋ ಎಂಬುದನ್ನು ಗೋಪುರದವರು ಸ್ಪಷ್ಟವಾಗಿ ತಿಳಿಸಲಿ. ಮ್ಯೂನಿಕ್‌ನ ಪಾಠ ಇದೇ. ಆ ಪಾಠವನ್ನು ದೇವನಹಳ್ಳಿಯಲ್ಲಿ ಇನ್ನೊಮ್ಮೆ ಕಲಿಯಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಅದಕ್ಕೆ ಆಂಟೆನಾ ಬೇಡ, ಟೆಂಡರು ಬೇಡ, ಸಮಿತಿ ಬೇಡ. ಮುಂದಿನ ಸಲ ಏಣಿಯ ಗುರುತಿನ ಹಿಂದೆ ವಿಮಾನ ನಿಂತಾಗ ಧ್ವನಿವರ್ಧಕದಲ್ಲಿ, ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ, ಹೀಗೆ ಹೇಳಲಿ: 'ಮುಂದೆ ಒಂದು ವಿಮಾನ ಮಂಜಿನಲ್ಲಿ ರೇಡಿಯೋ ಸಂಕೇತವನ್ನು ನಂಬಿ ಇಳಿಯುತ್ತಿದೆ. ನಾವು ಮುಂದಕ್ಕೆ ಹೋದರೆ ಅದರ ದಾರಿ ಕೆಡುತ್ತದೆ. ಅದಕ್ಕಾಗಿ ನಿಂತಿದ್ದೇವೆ.' ಮೂರು ವಾಕ್ಯ. ಇದನ್ನು ಕೇಳಿದ ಮೇಲೂ ಗಡಿಯಾರ ತೋರಿಸಿ ಜಗಳವಾಡುವ ಪ್ರಯಾಣಿಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆಂದು ನಾನು ನಂಬುವುದಿಲ್ಲ. ಇದ್ದರೆ ಅವರ ಜೊತೆ ಜಗಳವಾಡಲು ಆಗ ನಾವೆಲ್ಲ ಇದ್ದೇವೆ.